ಪವರ್ ಬಟನ್ ಒತ್ತಿ ಆಫ್ ಮಾಡಿದ ಮೇಲೆ ನೀಲಿ ಪರದೆ: ‘ಅನ್‌ಮೌಂಟಬಲ್ ಬೂಟ್ ವಾಲ್ಯೂಮ್’. ಒಳಗೆ ಮೇಷ್ಟ್ರ ಪುಸ್ತಕ ಇದೆ, ದಯವಿಟ್ಟು ದಾರಿ ತೋರಿಸಿ

ಹಾನಗಲ್ ಡಿಟಿಪಿ (ಬುಧವಾರ, ಬೆಳಗ್ಗೆ 9:50)

ಎಲ್ಲರಿಗೂ ನಮಸ್ಕಾರ. ಹಾನಗಲ್‌ನಲ್ಲಿ ನಂದೊಂದು ಸಣ್ಣ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ ಇದೆ. ಇರುವುದು ಒಂದೇ ಕಂಪ್ಯೂಟರ್. ನಿನ್ನೆ ಸಂಜೆಯಿಂದ ಅದು ವಿಂಡೋಸ್ ಒಳಗೆ ಹೋಗುತ್ತಿಲ್ಲ.

ಆಗಿದ್ದು ಇಷ್ಟು. ಸಂಜೆ 6 ಗಂಟೆ ಹೊತ್ತಿಗೆ ಕರೆಂಟ್ ಹೋಯಿತು. ಯುಪಿಎಸ್ ಕೀಂ ಕೀಂ ಎಂದು ಕೂಗಿತು. ವರ್ಡ್‌ನಲ್ಲಿ ಟೈಪ್ ಮಾಡುತ್ತಿದ್ದೆ, ಗಾಬರಿಯಲ್ಲಿ ಸೇವ್ ಒತ್ತಿದೆ. ಅಷ್ಟರಲ್ಲಿ ಪೂರ್ತಿ ಆಫ್ ಆಯಿತು. ಅರ್ಧ ಗಂಟೆ ಬಿಟ್ಟು ಕರೆಂಟ್ ಬಂತು. ಆನ್ ಮಾಡಿದರೆ ‘ವರ್ಕಿಂಗ್ ಆನ್ ಅಪ್‌ಡೇಟ್ಸ್, 30 ಪರ್ಸೆಂಟ್’ ಎಂದು ಬಂದು ಅಲ್ಲೇ ನಿಂತಿತು. ಇಪ್ಪತ್ತು ನಿಮಿಷ ಕಾದೆ. ನಮ್ಮೂರಿಗೆ ಕೊನೆಯ ಬಸ್ಸು 7:15ಕ್ಕೆ. ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ ಹೊರಟೆ.

ಬೆಳಗ್ಗೆ ಬಂದು ಆನ್ ಮಾಡಿದರೆ ನೀಲಿ ಪರದೆ, ಅಳುವ ಮುಖದ ಚಿಹ್ನೆ, ಕೆಳಗೆ ‘ಸ್ಟಾಪ್ ಕೋಡ್: ಅನ್‌ಮೌಂಟಬಲ್ ಬೂಟ್ ವಾಲ್ಯೂಮ್’. ತಾನೇ ರೀಸ್ಟಾರ್ಟ್ ಆಗುತ್ತದೆ, ಮತ್ತೆ ಅದೇ. ಪಕ್ಕದ ರಸ್ತೆಯ ರಿಪೇರಿಯವರಿಗೆ ಫೋನ್ ಮಾಡಿದೆ. ‘ಫಾರ್ಮ್ಯಾಟ್ ಮಾಡಬೇಕು, ತಂದು ಕೊಡಿ’ ಎಂದರು. ಡೇಟಾ ಇದೆ ಎಂದರೆ, ‘ಡಿ ಡ್ರೈವ್‌ನಲ್ಲಿ ಇದ್ದದ್ದು ಉಳಿಯುತ್ತದೆ, ಸಿ ಡ್ರೈವ್‌ನದು ಹೋಗುತ್ತದೆ’ ಎಂದರು.

ನನ್ನ ಸಂಕಟ ಅಲ್ಲೇ ಇದೆ. ನನಗೆ ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿದ ಮೇಷ್ಟ್ರು ಈಗ 84 ವರ್ಷದವರು. ತಮ್ಮ ಜೀವನದ ನೆನಪುಗಳನ್ನು ನಾಲ್ಕು ನೋಟ್‌ಬುಕ್‌ಗಳಲ್ಲಿ ಬರೆದಿದ್ದಾರೆ. ಮೂರು ತಿಂಗಳಿಂದ ದಿನಾ ಸಂಜೆ ಅದನ್ನು ‘ನುಡಿ’ ಎಂಬ ಕನ್ನಡ ಸಾಫ್ಟ್‌ವೇರ್ ಬಳಸಿ ಟೈಪ್ ಮಾಡುತ್ತಿದ್ದೇನೆ. ಹನ್ನೊಂದು ಅಧ್ಯಾಯ ಆಗಿದೆ. ಎಲ್ಲವೂ ಡೆಸ್ಕ್‌ಟಾಪ್ ಮೇಲಿನ ಒಂದು ಫೋಲ್ಡರ್‌ನಲ್ಲಿದೆ. ಬೇರೆ ಕಾಪಿ ಇಲ್ಲ. ಪ್ರೂಫ್ ನೋಡಲು ಮೇಷ್ಟ್ರಿಗೆ ಕೊಟ್ಟ ಮೊದಲ 40 ಪುಟದ ಪ್ರಿಂಟ್ ಮಾತ್ರ ಇದೆ.

ಮೆಷೀನ್ ಎಂಟು ವರ್ಷದ್ದು. ವಿಂಡೋಸ್ 10. ಏನು ಮಾಡಲಿ?

ಲ್ಯಾಬ್ ಮೇಡಂ (10:12)

ಮೊದಲು ಯಾರಿಗೂ ಫಾರ್ಮ್ಯಾಟ್ ಮಾಡಲು ಕೊಡಬೇಡಿ. ಮೆಷೀನ್ ಆಫ್ ಮಾಡಿ ಒಂದು ಟೀ ಕುಡಿದು ಬನ್ನಿ. ನಾನು ತುಮಕೂರಿನ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡಿದಾಗ ಇದೇ ಎರರ್ ನಾಲ್ಕಾರು ಮೆಷೀನ್‌ಗಳಲ್ಲಿ ನೋಡಿದ್ದೇನೆ. ಸಾಮಾನ್ಯವಾಗಿ ಫೈಲ್‌ಗಳು ಒಳಗೆ ಹಾಗೇ ಇರುತ್ತವೆ.

ಎರರ್‌ನ ಪೂರ್ತಿ ಮಾತು ಬರೆದು ಹಾಕಿದ್ದೀರಿ, ಅದು ತುಂಬಾ ಒಳ್ಳೆಯದಾಯಿತು. ಬರೀ ‘ನೀಲಿ ಪರದೆ ಬಂತು’ ಎಂದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ನಿಮ್ಮ ಪರದೆ ಹೇಳುತ್ತಿರುವುದು ಇದು: ವಿಂಡೋಸ್ ಏಳಲು ಶುರು ಮಾಡಿದೆ, ಹಾರ್ಡ್ ಡಿಸ್ಕ್ ಕೂಡ ಅದಕ್ಕೆ ಸಿಕ್ಕಿದೆ, ಆದರೆ ತಾನಿರುವ ಪಾರ್ಟಿಷನ್ನನ್ನು, ಅಂದರೆ ಡಿಸ್ಕಿನ ಆ ಭಾಗವನ್ನು, ತೆರೆದು ಓದಲು ಆಗುತ್ತಿಲ್ಲ. ಡಿಸ್ಕ್ ಸಿಕ್ಕೇ ಇಲ್ಲ ಎನ್ನುವಂಥ ಎರರ್ ಬೇರೆ ಇದೆ, ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಅಂತ. ನಿಮ್ಮದು ಅದಲ್ಲ.

ಮೂರು ವಿಷಯ ಹೇಳಿ. ಇರುವುದು ಹಾರ್ಡ್ ಡಿಸ್ಕಾ, ಎಸ್‌ಎಸ್‌ಡಿಯಾ (ಒಳಗೆ ತಿರುಗುವ ಭಾಗ ಇಲ್ಲದ ಹೊಸ ಬಗೆಯ ಡಿಸ್ಕ್)? ಆನ್ ಮಾಡಿದಾಗ ಕ್ಯಾಬಿನೆಟ್ ಒಳಗಿಂದ ಟಿಕ್ ಟಿಕ್ ಎಂದು ಹೊಸ ಸದ್ದು ಬರುತ್ತಿದೆಯಾ? ಬಯಾಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮುಂಚೆ ತೆರೆಯುವ ಸೆಟ್ಟಿಂಗ್ ಪರದೆಯಲ್ಲಿ, ಡಿಸ್ಕಿನ ಹೆಸರು ಕಾಣುತ್ತದೆಯಾ?

ಹೊಸಬ 22 (10:20)

ಅಣ್ಣ, ಸುಲಭ ಇದೆ. ಕಮಾಂಡ್ ಪ್ರಾಂಪ್ಟ್‌ಗೆ (ಕಮಾಂಡ್ ಟೈಪ್ ಮಾಡುವ ಕಪ್ಪು ಪರದೆ) ಹೋಗಿ ಬೂಟ್‌ರೆಕ್ ಕಮಾಂಡ್‌ಗಳನ್ನು ಹೊಡೆಯಿರಿ, ಫಿಕ್ಸ್ ಎಂಬಿಆರ್, ಫಿಕ್ಸ್ ಬೂಟ್, ರೀಬಿಲ್ಡ್ ಬಿಸಿಡಿ. ಆಮೇಲೆ ಡಿಸ್ಕ್ ಪರೀಕ್ಷಿಸುವ ಚೆಕ್‌ಡಿಸ್ಕ್ ಕಮಾಂಡ್‌ಗೆ ಸ್ಲ್ಯಾಶ್ ಆರ್ ಹಾಕಿ ರಾತ್ರಿ ಬಿಟ್ಟು ಹೋಗಿ. ಬೆಳಗ್ಗೆ ಸರಿ ಆಗಿರುತ್ತದೆ. ನನ್ನ ಲ್ಯಾಪ್‌ಟಾಪ್‌ಗೆ ಹೀಗೇ ಮಾಡಿದ್ದೆ.

ಸ್ಕ್ರೂಡ್ರೈವರ್ (10:41)

ತಮ್ಮಾ, ಸಹಾಯ ಮಾಡಲು ಬಂದಿದ್ದಕ್ಕೆ ಖುಷಿ. ಆದರೆ ಈ ಕೇಸ್‌ಗೆ ಎರಡೂ ಸರಿ ಹೊಂದುವುದಿಲ್ಲ.

ಬೂಟ್‌ರೆಕ್ ಇರುವುದು ವಿಂಡೋಸ್ ಏಳುವುದಕ್ಕೂ ಮುಂಚಿನ ಹಂತಕ್ಕೆ. ಕಪ್ಪು ಪರದೆಯ ಮೇಲೆ ‘ಬೂಟ್ ಮ್ಯಾನೇಜರ್ ಮಿಸ್ಸಿಂಗ್’ ಎಂದು ಬಂದಿದ್ದರೆ ಅದು ಬೇಕಿತ್ತು. ಇವರಿಗೆ ಸ್ಟಾಪ್ ಕೋಡ್ ಇರುವ ನೀಲಿ ಪರದೆ ಬಂದಿದೆ. ಅಂದರೆ ಆ ಹಂತ ದಾಟಿ ಆಗಿದೆ. ಸರಿ ಇರುವುದನ್ನು ಹೋಗಿ ಕೆದಕುವುದು ಬೇಡ.

ಇನ್ನು ಸ್ಲ್ಯಾಶ್ ಆರ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಹುಬ್ಬಳ್ಳಿಯಲ್ಲಿ ಹದಿನೆಂಟು ವರ್ಷದಿಂದ ರಿಪೇರಿ ಮಾಡುತ್ತಾ ಇದರಿಂದ ಹಾಳಾದ ಡಿಸ್ಕ್‌ಗಳನ್ನು ನೋಡಿದ್ದೇನೆ. ಸ್ಲ್ಯಾಶ್ ಎಫ್ ಎಂದರೆ ಯಾವ ಫೈಲ್ ಎಲ್ಲಿದೆ ಎಂಬ ಡಿಸ್ಕಿನ ಪಟ್ಟಿಯಲ್ಲಿರುವ ತಪ್ಪು ತಿದ್ದು ಎಂದರ್ಥ. ಸ್ಲ್ಯಾಶ್ ಆರ್ ಅದನ್ನೂ ಮಾಡಿ, ಮೇಲಿಂದ ಡಿಸ್ಕಿನ ಒಂದೊಂದು ಸೆಕ್ಟರನ್ನೂ (ಸಣ್ಣ ತುಣುಕನ್ನೂ) ಓದಿ ನೋಡುತ್ತದೆ. 1 ಟಿಬಿ ಹಾರ್ಡ್ ಡಿಸ್ಕ್ ಆದರೆ ಗಂಟೆಗಟ್ಟಲೆ ಹಿಡಿಯುತ್ತದೆ. ಡಿಸ್ಕ್ ಗಟ್ಟಿಯಾಗಿದ್ದರೆ ತೊಂದರೆ ಇಲ್ಲ. ಕೊನೆ ಉಸಿರಿನಲ್ಲಿರುವ ಡಿಸ್ಕ್ ಆದರೆ ಆ ಓದಿನಲ್ಲೇ ಮುಗಿದುಹೋಗುತ್ತದೆ. ಅದರ ಜೊತೆ ಫೈಲ್‌ಗಳೂ ಹೋಗುತ್ತವೆ.

ಇನ್ನೊಂದು ಮಾತು. ಚೆಕ್‌ಡಿಸ್ಕ್‌ನ ಗುರಿ ಪಾರ್ಟಿಷನ್ನನ್ನು ಸರಿ ಮಾಡುವುದು. ನಿಮ್ಮ ಫೈಲ್ ಉಳಿಸುವುದು ಅದರ ಕೆಲಸ ಅಲ್ಲ. ಯಾವ ಫೋಲ್ಡರ್‌ಗೆ ಸೇರಿದ್ದು ಎಂದು ಗೊತ್ತಾಗದ ಚೂರುಗಳನ್ನು ‘ಫೌಂಡ್ ಡಾಟ್ 000’ ಎಂಬ ಅಡಗಿದ ಫೋಲ್ಡರ್‌ಗೆ ಹಾಕಿ, ಹೆಸರು ಕಿತ್ತು ನಂಬರ್ ಕೊಟ್ಟುಬಿಡುತ್ತದೆ. ಹನ್ನೊಂದು ಅಧ್ಯಾಯ ಅಲ್ಲಿಗೆ ಹೋಗಿ ಬಿದ್ದರೆ ಹುಡುಕುವುದು ಎಷ್ಟು ಕಷ್ಟ ಅಲ್ವಾ? ಅದಕ್ಕೆ ಮೊದಲು ಕಾಪಿ, ಆಮೇಲೆ ರಿಪೇರಿ.

ಹಾನಗಲ್ ಡಿಟಿಪಿ (11:30)

ಮೇಡಂ, ಸರ್, ತುಂಬಾ ಧನ್ಯವಾದ. ಇರುವುದು ಹಾರ್ಡ್ ಡಿಸ್ಕ್, 1 ಟಿಬಿ. ಬಯಾಸ್‌ನಲ್ಲಿ ಹೆಸರು ಕಾಣುತ್ತದೆ. ಕಿವಿ ಇಟ್ಟು ಕೇಳಿದೆ, ಟಿಕ್ ಟಿಕ್ ಸದ್ದು ಇಲ್ಲ. ಮಾಮೂಲಿ ಗುಂಯ್ ಎನ್ನುವ ಸದ್ದು ಮಾತ್ರ.

ಒಂದು ತಪ್ಪು ಒಪ್ಪಿಕೊಳ್ಳಬೇಕು. ನಿಮ್ಮ ಉತ್ತರ ನೋಡುವ ಮುಂಚೆಯೇ ಹೊಸಬ ಅವರ ಮಾತಿನಂತೆ ಒಂದು ಪ್ರಯತ್ನ ಮಾಡಿದೆ. ಎರಡು ಮೂರು ಸಲ ರೀಸ್ಟಾರ್ಟ್ ಆದ ಮೇಲೆ ‘ಆಟೋಮ್ಯಾಟಿಕ್ ರಿಪೇರಿ’ ತಾನೇ ಬಂತು. ಅಡ್ವಾನ್ಸ್‌ಡ್ ಆಪ್ಷನ್ಸ್ ಒಳಗೆ ಕಮಾಂಡ್ ಪ್ರಾಂಪ್ಟ್ ಸಿಕ್ಕಿತು. ಸಿ ಡ್ರೈವ್‌ಗೆ ಚೆಕ್‌ಡಿಸ್ಕ್ ಹಾಕಿದೆ. ಎರಡೇ ಸೆಕೆಂಡಿನಲ್ಲಿ ಮುಗಿದು, ಏನೂ ತೊಂದರೆ ಇಲ್ಲ ಎಂದಿತು! ಆಮೇಲೆ ಸಿ ಡ್ರೈವ್‌ನಲ್ಲಿ ಏನಿದೆ ಎಂದು ನೋಡಿದರೆ ಏನೂ ಇಲ್ಲ. ವಿಂಡೋಸ್ ಫೋಲ್ಡರ್ ಇಲ್ಲ, ಯೂಸರ್ಸ್ ಇಲ್ಲ. ಎಲ್ಲ ಅಳಿಸಿಹೋಯಿತಾ? ಕೈ ನಡುಗುತ್ತಿದೆ.

ಲ್ಯಾಬ್ ಮೇಡಂ (11:36)

ಅಳಿಸಿಲ್ಲ, ಗಾಬರಿ ಆಗಬೇಡಿ. ಆ ರಿಪೇರಿ ಪರದೆ ಒಂದು ಬೇರೆಯೇ ಪುಟ್ಟ ವಿಂಡೋಸ್. ಅದು ಡ್ರೈವ್‌ಗಳಿಗೆ ತನ್ನದೇ ಲೆಕ್ಕದಲ್ಲಿ ಅಕ್ಷರ ಕೊಡುತ್ತದೆ. ಹಳೆಯ ಮೆಷೀನ್‌ಗಳಲ್ಲಿ ಶುರುವಿನಲ್ಲೇ ಸುಮಾರು 500 ಎಂಬಿಯ ‘ಸಿಸ್ಟಮ್ ರಿಸರ್ವ್‌ಡ್’ ಎಂಬ ಸಣ್ಣ ಪಾರ್ಟಿಷನ್ ಇರುತ್ತದೆ. ಮಾಮೂಲಿ ದಿನ ಅದು ನಮಗೆ ಕಾಣುವುದಿಲ್ಲ. ಇಲ್ಲಿ ಅದಕ್ಕೇ ಸಿ ಎಂಬ ಅಕ್ಷರ ಸಿಕ್ಕಿಬಿಡುತ್ತದೆ. ನೀವು ಚೆಕ್ ಮಾಡಿದ್ದು ಅದನ್ನು. ಎರಡು ಸೆಕೆಂಡಿನಲ್ಲಿ ಮುಗಿದದ್ದೂ ಅದಕ್ಕೇ.

ನಿಮ್ಮ ನಿಜವಾದ ಸಿ ಡ್ರೈವ್ ಅಲ್ಲಿ ಡಿ ಆಗಿರುತ್ತದೆ, ನಿಮ್ಮ ಡಿ ಡ್ರೈವ್ ಇ ಆಗಿರುತ್ತದೆ. ಡಿಸ್ಕ್‌ಪಾರ್ಟ್ ಎಂದು ಟೈಪ್ ಮಾಡಿ, ಆಮೇಲೆ ಲಿಸ್ಟ್ ವಾಲ್ಯೂಮ್ ಎಂದು ಕೊಟ್ಟರೆ ಒಂದೊಂದರ ಸೈಜ್ ಬರುತ್ತದೆ. ಸೈಜ್ ನೋಡಿದರೆ ಯಾವುದು ಯಾವುದು ಎಂದು ಗೊತ್ತಾಗುತ್ತದೆ. ನೋಡಿ, ಎಕ್ಸಿಟ್ ಎಂದು ಹೊರಗೆ ಬನ್ನಿ. ಡಿಸ್ಕ್‌ಪಾರ್ಟ್ ಒಳಗೆ ಬೇರೆ ಯಾವ ಕಮಾಂಡನ್ನೂ ಕೊಡಬೇಡಿ.

ಈಗ ಕಾಪಿಯ ದಾರಿ. ಅದೇ ಕಪ್ಪು ಪರದೆಯಲ್ಲಿ ನೋಟ್‌ಪ್ಯಾಡ್ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ನೋಟ್‌ಪ್ಯಾಡ್ ತೆರೆಯುತ್ತದೆ. ಅದರಲ್ಲಿ ಫೈಲ್, ಓಪನ್. ಕೆಳಗೆ ‘ಆಲ್ ಫೈಲ್ಸ್’ ಆರಿಸಿ. ಆ ಓಪನ್ ಕಿಟಕಿಯಲ್ಲೇ ಡ್ರೈವ್‌ಗಳು ಕಾಣುತ್ತವೆ. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಕಾಪಿ, ಪೆನ್‌ಡ್ರೈವ್‌ಗೆ ಹೋಗಿ ಪೇಸ್ಟ್. ಎಷ್ಟು ಪರ್ಸೆಂಟ್ ಆಯಿತು ಎಂದು ತೋರಿಸುವುದಿಲ್ಲ, ಸುಮ್ನೆ ಕಾಯಬೇಕು. ನಮ್ಮ ಲ್ಯಾಬ್‌ನಲ್ಲಿ ಎಷ್ಟೋ ಮಕ್ಕಳ ಪ್ರಾಜೆಕ್ಟ್ ಹೀಗೆ ಉಳಿದಿವೆ.

ಕಿರ್ದಿ ಖಾತೆ (12:05)

ನಾನು ಲೆಕ್ಕ ಬರೆಯುವವನು, ಕಂಪ್ಯೂಟರ್ ರಿಪೇರಿಯವನಲ್ಲ. ಆದರೆ ಕರೆಂಟ್ ಹೋದಾಗ ಒಳಗೆ ಏನಾಗುತ್ತದೆ ಎಂದು ನನಗೆ ಅರ್ಥವಾದದ್ದು ನಮ್ಮ ಪುಸ್ತಕಗಳ ಲೆಕ್ಕದಲ್ಲಿ. ಅಂಗಡಿಯಲ್ಲಿ ಮೊದಲು ಕಿರ್ದಿಗೆ, ಅಂದರೆ ದಿನದ ವ್ಯವಹಾರದ ಪುಸ್ತಕಕ್ಕೆ, ಬರೆಯುತ್ತೇವೆ, ಆಮೇಲೆ ಖಾತೆಗೆ ಏರಿಸುತ್ತೇವೆ. ಮಧ್ಯದಲ್ಲಿ ಎದ್ದು ಹೋದರೂ ಕಿರ್ದಿ ನೋಡಿ ಖಾತೆ ಸರಿ ಮಾಡಬಹುದು. ವಿಂಡೋಸ್ ಡಿಸ್ಕಿನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಪದ್ಧತಿಯಾದ ಎನ್‌ಟಿಎಫ್‌ಎಸ್ ಕೂಡ ಹಾಗೇ. 1993ರಲ್ಲಿ ವಿಂಡೋಸ್ ಎನ್‌ಟಿ ಜೊತೆ ಬಂದಾಗಿನಿಂದ ಅದರಲ್ಲೊಂದು ಕಿರ್ದಿ ಇದೆ. ಅದಕ್ಕೇ ಹತ್ತು ಸಲ ಕರೆಂಟ್ ಹೋದರೆ ಒಂಬತ್ತು ಸಲ ಏನೂ ಆಗದೆ ಏಳುತ್ತದೆ.

ಒಂದು ಎಚ್ಚರಿಕೆ. ಆ ಕಿರ್ದಿಯಲ್ಲಿ ಬರೆಯುವುದು ಫೈಲಿನ ಹೆಸರು, ಸೈಜ್, ಜಾಗ ಇಷ್ಟು ಮಾತ್ರ. ಫೈಲ್ ಒಳಗಿನ ಅಕ್ಷರಗಳನ್ನು ಬರೆಯುವುದಿಲ್ಲ. ಹಾಗಾಗಿ ಫೈಲ್ ಸಿಕ್ಕಿತು ಎಂದು ಬಿಡಬೇಡಿ, ಒಂದೊಂದನ್ನೂ ತೆರೆದು ನೋಡಿ.

ನನಗೆ ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಇದರ ಅನುಭವ ಆಗಿದೆ. ಟ್ಯಾಲಿ ಇಆರ್‌ಪಿ 9ರಲ್ಲಿ ಕಂಟ್ರೋಲ್, ಆಲ್ಟ್, ಆರ್ ಒತ್ತಿ ರೀರೈಟ್ ಮಾಡಬಹುದು, ಅಂದರೆ ಕೆಟ್ಟ ಡೇಟಾ ಸರಿಪಡಿಸಬಹುದು. ಆದರೆ ಅಲ್ಲೂ ಮೊದಲು ಕಂಪನಿ ಫೋಲ್ಡರಿನ ಕಾಪಿ ತೆಗೆದಿಟ್ಟೇ ಮಾಡಬೇಕು. ಸ್ಕ್ರೂಡ್ರೈವರ್ ಅವರು ಹೇಳಿದ ಮಾತೇ.

ಹಾನಗಲ್ ಡಿಟಿಪಿ (12:48)

ಮೇಡಂ, ನೀವು ಹೇಳಿದ ಹಾಗೇ ಇದೆ. ಇ ಡ್ರೈವ್ ತೆರೆಯಿತು. ಲಗ್ನಪತ್ರಿಕೆ, ಬಿಲ್ ಬುಕ್, ಹಳೆಯ ಪೇಜ್‌ಮೇಕರ್ ಫೈಲ್‌ಗಳು ಎಲ್ಲ ಇವೆ. ಕಾಪಿ ಮಾಡಿಕೊಂಡೆ. ಆದರೆ ಡಿ ಡ್ರೈವ್ ಮೇಲೆ ಒತ್ತಿದರೆ ‘ದಿ ಡಿಸ್ಕ್ ಸ್ಟ್ರಕ್ಚರ್ ಈಸ್ ಕರಪ್ಟೆಡ್ ಅಂಡ್ ಅನ್‌ರೀಡಬಲ್’ ಎಂದು ಬರುತ್ತದೆ. ಮೇಷ್ಟ್ರ ಫೋಲ್ಡರ್ ಇರುವುದು ಅಲ್ಲೇ.

ಸ್ಕ್ರೂಡ್ರೈವರ್ (13:10)

ಇದು ನಿರೀಕ್ಷೆ ಮಾಡಿದ್ದೇ. ವಿಂಡೋಸ್‌ಗೆ ತೆರೆಯಲು ಆಗದಿದ್ದರೆ ಲಿನಕ್ಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್‌ನಲ್ಲಿ ನೋಡೋಣ. ಹೀಗೆ ಕೆಟ್ಟ ಪಾರ್ಟಿಷನ್ನನ್ನು ಅದು ಸಾಮಾನ್ಯವಾಗಿ ಬರೆಯಲು ಹೋಗದೆ ಬರೀ ಓದಲು ತೆರೆಯುತ್ತದೆ, ನಮಗೆ ಬೇಕಾಗಿರುವುದೂ ಅಷ್ಟೇ.

ಬೇರೆ ಯಾರದಾದರೂ ಕಂಪ್ಯೂಟರ್‌ನಲ್ಲಿ ಲಿನಕ್ಸ್ ಮಿಂಟ್ ಇಳಿಸಿಕೊಳ್ಳಿ. ರೂಫಸ್ ಎಂಬ ಪುಟ್ಟ ಪ್ರೋಗ್ರಾಂನಿಂದ ಅದನ್ನು 8 ಜಿಬಿ ಪೆನ್‌ಡ್ರೈವ್‌ಗೆ ಹಾಕಿ. ಆ ಪೆನ್‌ಡ್ರೈವ್‌ನಲ್ಲಿ ಇದ್ದದ್ದು ಅಳಿಸಿಹೋಗುತ್ತದೆ, ಖಾಲಿಯದ್ದನ್ನೇ ತೆಗೆದುಕೊಳ್ಳಿ. ನಿಮ್ಮ ಮೆಷೀನ್ ಆನ್ ಮಾಡುವಾಗ ಬೂಟ್ ಮೆನು ಬಟನ್ ಒತ್ತಿ ಪೆನ್‌ಡ್ರೈವ್ ಆರಿಸಿ. ಎಫ್12, ಎಫ್11, ಎಫ್8 ಹೀಗೆ ಮದರ್‌ಬೋರ್ಡಿಗೆ ತಕ್ಕಂತೆ ಇರುತ್ತದೆ, ಶುರುವಿನ ಪರದೆಯ ಕೆಳಗೆ ಬರೆದಿರುತ್ತದೆ. ಡೆಸ್ಕ್‌ಟಾಪ್ ಬಂದ ಮೇಲೆ ‘ಇನ್‌ಸ್ಟಾಲ್’ ಎಂಬ ಐಕಾನ್ ಇರುತ್ತದೆ. ಅದನ್ನು ಮುಟ್ಟಲೇಬೇಡಿ. ಇನ್‌ಸ್ಟಾಲ್ ಮಾಡದೆಯೇ ಪೆನ್‌ಡ್ರೈವ್‌ನಿಂದ ಎಲ್ಲ ನಡೆಯುತ್ತದೆ.

ಕಾಪಿ ಶುರು ಮಾಡುವ ಮುಂಚೆ ‘ಡಿಸ್ಕ್ಸ್’ ಎಂಬ ಪ್ರೋಗ್ರಾಂ ತೆರೆದು ಸ್ಮಾರ್ಟ್ ಡೇಟಾ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ಲೆಕ್ಕ, ನೋಡಿ. ನನಗೆ ಬೇಕಾಗಿರುವುದು 5, 197, 199 ಈ ಮೂರು ಸಾಲು. 5 ಎಂದರೆ ಕೆಟ್ಟು ಬದಲಿಸಿದ ಸೆಕ್ಟರ್‌ಗಳು. 197 ಎಂದರೆ ಓದಲು ಒದ್ದಾಡುತ್ತಿರುವ ಸೆಕ್ಟರ್‌ಗಳು. 199 ಎಂದರೆ ಡಿಸ್ಕ್ ಮತ್ತು ಬೋರ್ಡಿನ ನಡುವಿನ ಮಾತುಕತೆಯಲ್ಲಿ ಆದ ತಪ್ಪುಗಳು. ಕೊನೆಯದು ಸಾಮಾನ್ಯವಾಗಿ ಕೇಬಲ್‌ನಿಂದ ಬರುವುದು.

ಕುಂದಾಪುರ–ಕುವೈತ್ (13:32)

ಮಧ್ಯದಲ್ಲಿ ಬಂದಿದ್ದಕ್ಕೆ ಕ್ಷಮಿಸಿ. ನನ್ನದೂ ಇದೇ ಥರ. ಲ್ಯಾಪ್‌ಟಾಪ್ ಹ್ಯಾಂಗ್ ಆಗಿತ್ತು, ಬಟನ್ ಒತ್ತಿ ಆಫ್ ಮಾಡಿದೆ. ಈಗ ನೀಲಿ ಪರದೆಯಲ್ಲಿ ‘ಬಿಟ್‌ಲಾಕರ್ ರಿಕವರಿ’ ಎಂದು ಬಂದು 48 ಅಂಕಿಯ ಕೀ ಕೇಳುತ್ತಿದೆ. ನಾನು ಯಾವ ಲಾಕ್ ಕೂಡ ಹಾಕಿಲ್ಲ. ವಿಂಡೋಸ್ 11.

ಲ್ಯಾಬ್ ಮೇಡಂ (13:40)

ನೀವು ಹಾಕದಿದ್ದರೂ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆದಾಗ ಡಿವೈಸ್ ಎನ್‌ಕ್ರಿಪ್ಷನ್ (ಡಿಸ್ಕಿಗೆ ಬೀಗ ಹಾಕುವ ವ್ಯವಸ್ಥೆ) ತಾನೇ ಆನ್ ಆಗಿರುತ್ತದೆ. ಕೀ ಕೂಡ ಅದೇ ಅಕೌಂಟ್‌ನಲ್ಲಿ ಸೇವ್ ಆಗಿರುತ್ತದೆ. ಫೋನಿನಿಂದ ಆ ಅಕೌಂಟ್‌ಗೆ ಲಾಗಿನ್ ಆಗಿ ರಿಕವರಿ ಕೀ ಎಂಬ ಪುಟ ನೋಡಿ. ಪರದೆಯ ಮೇಲೆ ಒಂದು ಕೀ ಐಡಿ ಇರುತ್ತದೆ, ಅದಕ್ಕೆ ಹೊಂದುವ ಕೀಯನ್ನೇ ಹಾಕಬೇಕು. ಆಫೀಸ್ ಲ್ಯಾಪ್‌ಟಾಪ್ ಆದರೆ ಆಫೀಸಿನ ಐಟಿಯವರ ಬಳಿ ಇರುತ್ತದೆ. ಕೀ ಸಿಗುವವರೆಗೆ ರೀಸೆಟ್ ಮಾಡಬೇಡಿ. ಲಾಕ್ ಆದ ಡಿಸ್ಕಿನಿಂದ ಕೀ ಇಲ್ಲದೆ ಯಾರಿಂದಲೂ ಏನೂ ತೆಗೆಯಲು ಆಗುವುದಿಲ್ಲ.

ಕುಂದಾಪುರ–ಕುವೈತ್ (14:02)

ಸಿಕ್ಕಿತು ಮೇಡಂ! ಮಗಳ ಹೆಸರಿನ ಅಕೌಂಟ್‌ನಲ್ಲಿತ್ತು. ಬರೆದಿಟ್ಟುಕೊಂಡೆ. ದೇವರು ಒಳ್ಳೆಯದು ಮಾಡಲಿ.

ಹಾನಗಲ್ ಡಿಟಿಪಿ (17:25)

ಪಕ್ಕದ ಮೆಡಿಕಲ್ ಶಾಪ್‌ನವರ ಕಂಪ್ಯೂಟರ್‌ನಲ್ಲಿ ಲಿನಕ್ಸ್ ಇಳಿಸಿಕೊಂಡೆ. ಸುಮಾರು 3 ಜಿಬಿ ಇತ್ತು, ಸಮಯ ಹಿಡಿಯಿತು. ಈಗ ಮಿಂಟ್ ಎದ್ದಿದೆ. ಸ್ಮಾರ್ಟ್ ನೋಡಿದೆ. 5ರಲ್ಲಿ ಸೊನ್ನೆ. 197ರಲ್ಲಿ ಸೊನ್ನೆ. 199ರಲ್ಲಿ 14.

ವಿಂಡೋಸ್ ಪಾರ್ಟಿಷನ್ ತೆರೆಯಿತು ಸರ್. ಬರೀ ಓದಲು ಮಾತ್ರ ಎಂದು ಬಂತು. ಯೂಸರ್ಸ್, ಡೆಸ್ಕ್‌ಟಾಪ್, ಅಲ್ಲಿ ‘ಮೇಷ್ಟ್ರು’ ಫೋಲ್ಡರ್. ಹನ್ನೊಂದು ಫೈಲೂ ಇವೆ. ಪೆನ್‌ಡ್ರೈವ್‌ಗೆ ಹಾಕಿಕೊಂಡೆ.

ಆದರೆ ತೆರೆದು ನೋಡಿದರೆ ಎಲ್ಲ ಕೆಟ್ಟಿದೆ. ಕನ್ನಡವೇ ಇಲ್ಲ. ಬರೀ ಇಂಗ್ಲಿಷ್ ಅಕ್ಷರಗಳು, ತಲೆಯ ಮೇಲೆ ಗೀಟು, ಚುಕ್ಕೆ. ಪುಟಗಟ್ಟಲೆ ಹಾಗೇ ಇದೆ. ಮೂರು ತಿಂಗಳು ಹೋಯಿತು ಅಂತ ಕಾಣುತ್ತದೆ.

ಲ್ಯಾಬ್ ಮೇಡಂ (17:31)

ಒಂದು ನಿಮಿಷ. ಆ ಅಕ್ಷರಗಳಲ್ಲಿ ಪಿ ಅಕ್ಷರ, ಅದರ ಪಕ್ಕ ತಲೆಗೀಟಿನ ಎ, ಆಮೇಲೆ ಬ್ರಿಟಿಷ್ ಪೌಂಡ್ ಚಿಹ್ನೆ, ಮತ್ತೆ ತಲೆಗೀಟಿನ ಎ ಇಂಥ ಜೋಡಿಗಳು ಕಾಣುತ್ತಿವೆಯಾ?

ಹಾನಗಲ್ ಡಿಟಿಪಿ (17:33)

ಹೌದು. ಪೌಂಡ್ ಚಿಹ್ನೆ ಎಲ್ಲ ಕಡೆ ಇದೆ.

ಲ್ಯಾಬ್ ಮೇಡಂ (17:38)

ಹಾಗಾದರೆ ನಿಮ್ಮ ಪುಸ್ತಕ ಸುರಕ್ಷಿತವಾಗಿದೆ. ಪಿ ಮತ್ತು ತಲೆಗೀಟಿನ ಎ ಸೇರಿದರೆ ‘ಕ’. ಪೌಂಡ್ ಚಿಹ್ನೆ ಮತ್ತು ತಲೆಗೀಟಿನ ಎ ಸೇರಿದರೆ ‘ನ’. ನೀವು ನುಡಿಯ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದೀರಿ, ಎಲ್ಲ ಕಂಪ್ಯೂಟರಿಗೂ ಸಾಮಾನ್ಯವಾದ ಯೂನಿಕೋಡ್ ಅಕ್ಷರ ಪದ್ಧತಿಯಲ್ಲಿ ಅಲ್ಲ. ಆ ಪದ್ಧತಿಯಲ್ಲಿ ಫೈಲ್ ಒಳಗೆ ಕೂರುವುದು ಇಂಗ್ಲಿಷ್ ಸಂಕೇತಗಳೇ. ನುಡಿ ಫಾಂಟ್ ಇದ್ದರೆ ಅವು ಕನ್ನಡವಾಗಿ ಕಾಣುತ್ತವೆ. ಮಿಂಟ್‌ನಲ್ಲಿ ಆ ಫಾಂಟ್ ಇಲ್ಲ, ಅಷ್ಟೇ. ಪೆನ್‌ಡ್ರೈವನ್ನು ನುಡಿ ಹಾಕಿರುವ ಯಾವುದಾದರೂ ಕಂಪ್ಯೂಟರ್‌ನಲ್ಲಿ ತೆರೆದು ನೋಡಿ.

ಇದನ್ನು ಓದುತ್ತಿರುವ ಉಳಿದ ಡಿಟಿಪಿಯವರಿಗೂ ಹೇಳುತ್ತೇನೆ. ಹೊಸದಾಗಿ ವಿಂಡೋಸ್ ಹಾಕಿಸಿಕೊಂಡ ಮೇಲೆ ‘ಫೈಲ್ ಎಲ್ಲ ಕರಪ್ಟ್ ಆಗಿದೆ’ ಎಂದು ಅಳಿಸಿದವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಕೆಟ್ಟಿರಲಿಲ್ಲ, ಫಾಂಟ್ ಇರಲಿಲ್ಲ. ಮನಸ್ಸಿಗೆ ತುಂಬಾ ನೋವಾಗುತ್ತದೆ.

ಹಾನಗಲ್ ಡಿಟಿಪಿ (18:20)

ಗ್ರಾಮ ಪಂಚಾಯಿತಿಯ ಆಪರೇಟರ್ ನಮ್ಮ ಸ್ನೇಹಿತರು, ಅವರ ಬಳಿ ನುಡಿ ಇತ್ತು. ತೆರೆಯಿತು ಮೇಡಂ. ‘ನಮ್ಮೂರ ಕೆರೆ’ ಎಂಬ ಮೊದಲ ಅಧ್ಯಾಯದ ಹೆಸರು ಕನ್ನಡದಲ್ಲಿ ಕಂಡಾಗ ಕಣ್ಣಲ್ಲಿ ನೀರು ಬಂತು. ಹತ್ತು ಅಧ್ಯಾಯ ಪೂರ್ತಿ ಸರಿ ಇದೆ.

ಹನ್ನೊಂದನೆಯದು ತೆರೆಯುತ್ತಿಲ್ಲ. ನಿನ್ನೆ ಕರೆಂಟ್ ಹೋದಾಗ ಟೈಪ್ ಮಾಡುತ್ತಿದ್ದದ್ದು ಅದೇ. ಸೈಜ್ ಸರಿಯಾಗಿ ತೋರಿಸುತ್ತದೆ, 60 ಕೆಬಿ ಚಿಲ್ಲರೆ.

ಕಿರ್ದಿ ಖಾತೆ (18:34)

ನಾನು ಮಧ್ಯಾಹ್ನ ಹೇಳಿದ್ದು ಇದನ್ನೇ. ಸೇವ್ ಒತ್ತಿದಿರಿ. ಹೆಸರು, ಸೈಜ್ ಕಿರ್ದಿಗೆ ಹೋಯಿತು. ಅಕ್ಷರಗಳು ಇನ್ನೂ ಮೆಮೊರಿಯಲ್ಲೇ ಇದ್ದವು, ಡಿಸ್ಕಿಗೆ ಇಳಿಯುವ ಮುಂಚೆ ಕರೆಂಟ್ ಹೋಯಿತು. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಪೂರ್ತಿ ಖಾಲಿ ಕಾಣಬಹುದು. ಒಳಗೆ ಬರೀ ಸೊನ್ನೆ ತುಂಬಿರುತ್ತದೆ. ಅಂಥ ಫೈಲನ್ನು ಯಾವ ರಿಪೇರಿ ಸಾಫ್ಟ್‌ವೇರ್‌ನಿಂದಲೂ ಸರಿ ಮಾಡಲು ಆಗುವುದಿಲ್ಲ. ದುಡ್ಡು ಕೇಳುವವರಿಗೆ ಕೊಡಬೇಡಿ.

ಲ್ಯಾಬ್ ಮೇಡಂ (18:45)

ಆದರೆ ವರ್ಡ್ ತೆರೆದಿರುವಾಗಲೇ ಕರೆಂಟ್ ಹೋಯಿತು ಎಂದಿರಲ್ಲ, ಅದರಲ್ಲಿ ಒಂದು ಆಸೆ ಇದೆ. ವರ್ಡ್ ಸಾಮಾನ್ಯವಾಗಿ 10 ನಿಮಿಷಕ್ಕೊಮ್ಮೆ ತನ್ನದೇ ಒಂದು ಕಾಪಿ ಇಟ್ಟುಕೊಳ್ಳುತ್ತದೆ. ಸರಿಯಾಗಿ ಮುಚ್ಚಿದರೆ ಅಳಿಸುತ್ತದೆ, ಹೀಗೆ ಕರೆಂಟ್ ಹೋದರೆ ಉಳಿಯುತ್ತದೆ. ಮಿಂಟ್‌ನಲ್ಲೇ ನಿಮ್ಮ ಯೂಸರ್ ಫೋಲ್ಡರ್ ಒಳಗೆ ಹೋಗಿ. ಆಪ್‌ಡೇಟಾ, ರೋಮಿಂಗ್, ಮೈಕ್ರೋಸಾಫ್ಟ್, ವರ್ಡ್. ಅಲ್ಲಿ ಎಎಸ್‌ಡಿ ಎಂದು ಕೊನೆಯಾಗುವ ಫೈಲ್ ಇದೆಯಾ ನೋಡಿ. ಅದೇ ಡೆಸ್ಕ್‌ಟಾಪ್ ಫೋಲ್ಡರ್‌ನಲ್ಲಿ ಟಿಲ್ಡೆ (~) ಚಿಹ್ನೆ, ಆಮೇಲೆ ಡಬ್ಲ್ಯು, ಆರ್, ಎಲ್ ಅಕ್ಷರಗಳಿಂದ ಶುರುವಾಗುವ ಟಿಎಂಪಿ ಫೈಲ್ ಇದ್ದರೆ ಅದನ್ನೂ ಕಾಪಿ ಮಾಡಿಕೊಳ್ಳಿ. ರಿಪೇರಿ ಮಾಡುವ ಮುಂಚೆಯೇ ತೆಗೆದುಕೊಳ್ಳಿ.

ಹಾನಗಲ್ ಡಿಟಿಪಿ (19:02)

ಎಎಸ್‌ಡಿ ಒಂದಿದೆ! ನಿನ್ನೆ ಸಂಜೆ 5:51ರ ಸಮಯ ಇದೆ. ತೆಗೆದುಕೊಂಡೆ. ಬಸ್ಸಿಗೆ ಹೊತ್ತಾಯಿತು. ಮೆಷೀನ್ ಸರಿಯಾಗಿ ಶಟ್‌ಡೌನ್ ಮಾಡಿದೆ. ನಾಳೆ ರಿಪೇರಿ ಮಾಡುತ್ತೇನೆ.

ಸ್ಕ್ರೂಡ್ರೈವರ್ (21:15)

ಡಿಸ್ಕ್ ಗಟ್ಟಿಯಾಗಿದೆ, 5 ಮತ್ತು 197 ಸೊನ್ನೆ ಇರುವುದು ಒಳ್ಳೆಯ ಲಕ್ಷಣ. ನಾಳೆ ಮೊದಲು ಕರೆಂಟ್ ವೈರ್ ಕಿತ್ತು, ಕ್ಯಾಬಿನೆಟ್ ತೆಗೆದು ಡಿಸ್ಕಿನಿಂದ ಬೋರ್ಡಿಗೆ ಹೋಗುವ ಚಪ್ಪಟೆ ಸಾಟಾ ಕೇಬಲ್ ನೋಡಿ. 199ರ 14 ಎಂದರೆ ಅದು ಸಡಿಲ ಇರಬಹುದು. ಆ ಎಣಿಕೆ ಕಡಿಮೆ ಆಗುವುದಿಲ್ಲ, ಹಾಗೇ ಉಳಿಯುತ್ತದೆ. ಕೇಬಲ್ ಬದಲಿಸಿದ ಮೇಲೆ ಏರದೆ 14ರಲ್ಲೇ ನಿಂತರೆ ಸರಿ ಆಯಿತು ಎಂದರ್ಥ.

ಆಮೇಲೆ ರಿಪೇರಿ ಪರದೆಗೆ ಹೋಗಿ ಡಿ ಡ್ರೈವ್‌ಗೆ ಚೆಕ್‌ಡಿಸ್ಕ್, ಸ್ಲ್ಯಾಶ್ ಎಫ್. ಸಿ ಅಲ್ಲ, ಡಿ. ಮೂರು ಹಂತ ಬರುತ್ತದೆ. ಮಧ್ಯದಲ್ಲಿ ನಿಲ್ಲಿಸಬೇಡಿ. ಯುಪಿಎಸ್ ಕೈಕೊಟ್ಟಿದೆ ಎಂದು ಕಾಣುತ್ತದೆ, ಹಾಗಾಗಿ ಕರೆಂಟ್ ಹೋಗುವ ಹೊತ್ತು ಬಿಟ್ಟು ಮಾಡಿ. ನಿಮ್ಮ ಭಾಗದಲ್ಲಿ ಯಾವಾಗ ಲೋಡ್‌ಶೆಡ್ಡಿಂಗ್ ಎಂದು ನಿಮಗೇ ಗೊತ್ತು.

ಹಾನಗಲ್ ಡಿಟಿಪಿ (ಗುರುವಾರ, ಮಧ್ಯಾಹ್ನ 12:40)

ಕ್ಯಾಬಿನೆಟ್ ತೆಗೆದೆ. ಜೆರಾಕ್ಸ್ ಟೋನರ್ ಪುಡಿ ಮತ್ತು ಧೂಳು ಬೆರಳು ದಪ್ಪ ಕೂತಿತ್ತು. ಕೆಂಪು ಕೇಬಲ್, ಡಿಸ್ಕಿನ ಕಡೆ ಅದರ ಹಿಡಿ ಮುರಿದಿತ್ತು. ಮುಟ್ಟಿದರೆ ಅಲ್ಲಾಡುತ್ತಿತ್ತು. ಕ್ಲಿಪ್ ಇರುವ ಹೊಸದನ್ನು ತಂದು ಹಾಕಿದೆ.

ಚೆಕ್‌ಡಿಸ್ಕ್ ಡಿ, ಸ್ಲ್ಯಾಶ್ ಎಫ್ ಕೊಟ್ಟೆ. ಹನ್ನೆರಡು ನಿಮಿಷ ಹಿಡಿಯಿತು. ಸಾಲು ಸಾಲಾಗಿ ಏನೇನೋ ತಿದ್ದಿತು. ಕೊನೆಗೆ ‘ವಿಂಡೋಸ್ ಹ್ಯಾಸ್ ಮೇಡ್ ಕರೆಕ್ಷನ್ಸ್ ಟು ದಿ ಫೈಲ್ ಸಿಸ್ಟಮ್’ ಎಂದು ಬಂತು. ರೀಸ್ಟಾರ್ಟ್ ಮಾಡಿದೆ. ನೀಲಿ ಪರದೆ ಹೋಗಿದೆ! ಆದರೆ ಈಗ ‘ಅಂಡೂಯಿಂಗ್ ಚೇಂಜಸ್’ ಎಂದು ಗಾಲಿ ತಿರುಗುತ್ತಾ ಅರ್ಧ ಗಂಟೆಯಿಂದ ನಿಂತಿದೆ. ಮತ್ತೆ ಬಟನ್ ಒತ್ತಲು ಧೈರ್ಯ ಇಲ್ಲ.

ಸ್ಕ್ರೂಡ್ರೈವರ್ (12:47)

ಒತ್ತಬೇಡಿ. ಮೊನ್ನೆ ಅರ್ಧಕ್ಕೆ ನಿಂತ ಅಪ್‌ಡೇಟನ್ನು ಅದು ವಾಪಸ್ ತೆಗೆಯುತ್ತಿದೆ. ಕ್ಯಾಬಿನೆಟ್ ಮುಂದೆ ಪವರ್ ಬಟನ್ ಹತ್ತಿರ ಹಾರ್ಡ್ ಡಿಸ್ಕಿನ ಸಣ್ಣ ಲೈಟ್ ಇರುತ್ತದೆ. ಅದನ್ನು ನೋಡುತ್ತಾ ಕೂರಿ. ಮಿಣುಕುತ್ತಿದ್ದರೆ ಕೆಲಸ ನಡೆಯುತ್ತಿದೆ, ಪರದೆ ಎಷ್ಟೇ ಹೊತ್ತು ನಿಂತಿರಲಿ. ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ಇದಕ್ಕೆ ಒಂದೆರಡು ಗಂಟೆ ಹಿಡಿದದ್ದೂ ಉಂಟು. ಮೊನ್ನೆ ಸಂಜೆ ಕೂಡ ಆ ಲೈಟ್ ಮಿಣುಕುತ್ತಿತ್ತೇನೋ.

ಹೊಸಬ 22 (12:55)

ಲೈಟ್ ನೋಡಬೇಕು ಎಂದು ನನಗೆ ಗೊತ್ತೇ ಇರಲಿಲ್ಲ ಸರ್. ಹಾಗಾದರೆ ಯಾವಾಗ ಬಟನ್ ಒತ್ತಿ ಆಫ್ ಮಾಡಬಹುದು? ಒಮ್ಮೊಮ್ಮೆ ಬೇರೆ ದಾರಿಯೇ ಇರುವುದಿಲ್ಲ ಅಲ್ವಾ?

ಸ್ಕ್ರೂಡ್ರೈವರ್ (13:08)

ಒಳ್ಳೆಯ ಪ್ರಶ್ನೆ ತಮ್ಮಾ. ಪೂರ್ತಿ ಹ್ಯಾಂಗ್ ಆದರೆ ಒತ್ತಲೇಬೇಕಾಗುತ್ತದೆ. ಅದಕ್ಕೂ ಮುಂಚೆ ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಿ ನೋಡು. ಅದರ ಲೈಟ್ ಹತ್ತಿ ಆರಿದರೆ ಮೆಷೀನ್‌ಗೆ ಇನ್ನೂ ಜೀವ ಇದೆ. ಕಂಟ್ರೋಲ್, ಆಲ್ಟ್, ಡಿಲೀಟ್ ಒತ್ತಿದರೆ ಬಲಗಡೆ ಕೆಳಗೆ ಪವರ್ ಚಿಹ್ನೆ ಬರುತ್ತದೆ, ಅಲ್ಲಿಂದ ರೀಸ್ಟಾರ್ಟ್ ಕೊಡು. ಕ್ಯಾಪ್ಸ್ ಲಾಕ್‌ಗೂ ಉತ್ತರ ಇಲ್ಲ, ಡಿಸ್ಕ್ ಲೈಟೂ ಹತ್ತು ಹದಿನೈದು ನಿಮಿಷದಿಂದ ಆರಿದೆ ಎಂದರೆ ಮಾತ್ರ ಬಟನ್. ನಾಲ್ಕೈದು ಸೆಕೆಂಡ್ ಒತ್ತಿ ಹಿಡಿದರೆ ಸಾಕು.

ಹಾನಗಲ್ ಡಿಟಿಪಿ (15:20)

ಬಂತು! ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಲೈಟ್ ಪೂರ್ತಿ ಹೊತ್ತೂ ಮಿಣುಕುತ್ತಿತ್ತು. ನನ್ನ ಡೆಸ್ಕ್‌ಟಾಪ್, ನನ್ನ ಫೋಲ್ಡರ್, ನುಡಿ, ಪ್ರಿಂಟರ್ ಎಲ್ಲ ಇದ್ದ ಹಾಗೇ ಇದೆ.

ಲ್ಯಾಬ್ ಮೇಡಂ, ಆ ಎಎಸ್‌ಡಿ ಫೈಲನ್ನು ವರ್ಡ್‌ನಲ್ಲಿ ತೆರೆದೆ. ಹನ್ನೊಂದನೆಯ ಅಧ್ಯಾಯ ಬಂತು. ಕೊನೆಯ ಎರಡು ಪ್ಯಾರಾ ಮಾತ್ರ ಇಲ್ಲ.

ಲ್ಯಾಬ್ ಮೇಡಂ (15:34)

ತುಂಬಾ ತುಂಬಾ ಸಂತೋಷ ಆಯಿತು. ಈಗ ಎರಡು ಕೆಲಸ ಬಾಕಿ ಇದೆ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಎಸ್‌ಎಫ್‌ಸಿ ಸ್ಕ್ಯಾನ್‌ನೌ ಕೊಡಿ, ವಿಂಡೋಸ್‌ನ ಸ್ವಂತ ಫೈಲ್‌ಗಳಲ್ಲಿ ಕೆಟ್ಟದ್ದಿದ್ದರೆ ಬದಲಿಸುತ್ತದೆ. ಆಮೇಲೆ ಈವೆಂಟ್ ವ್ಯೂವರ್‌ನಲ್ಲಿ ಸಿಸ್ಟಮ್ ಲಾಗ್ ತೆರೆದು 41 ಮತ್ತು 6008 ನಂಬರಿನ ದಾಖಲೆ ಹುಡುಕಿ. ಸರಿಯಾಗಿ ಶಟ್‌ಡೌನ್ ಆಗದೆ ಆಫ್ ಆದಾಗಲೆಲ್ಲ ಅದು ಬರೆದಿಡುತ್ತದೆ. ಮೊನ್ನೆಗೂ ಮುಂಚೆ ಎಷ್ಟು ಸಲ ಹೀಗಾಗಿದೆ ನೋಡಿ.

ಹಾನಗಲ್ ಡಿಟಿಪಿ (16:10)

ನೋಡಿದೆ ಮೇಡಂ. ಎರಡು ತಿಂಗಳಲ್ಲಿ 23 ಸಲ ಇದೆ. ಕರೆಂಟ್ ಹೋದಾಗಲೆಲ್ಲ ಯುಪಿಎಸ್ ಉಳಿಸಿದೆ ಎಂದುಕೊಂಡಿದ್ದೆ. ಉಳಿಸಿಯೇ ಇರಲಿಲ್ಲ.

ಸ್ಕ್ರೂಡ್ರೈವರ್ (16:25)

ಅಲ್ಲಿಗೆ ರೋಗ ಗೊತ್ತಾಯಿತು. ಅಂಗಡಿಗಳಲ್ಲಿ ಇರುವ 600 ವಿಎ ಯುಪಿಎಸ್ ಒಳಗೆ 12 ವೋಲ್ಟ್, 7 ಆಂಪಿಯರ್ ಅವರ್‌ನ ಒಂದು ಸಣ್ಣ ಬ್ಯಾಟರಿ ಇರುತ್ತದೆ. ಎರಡು ಮೂರು ವರ್ಷ ಬಾಳುತ್ತದೆ. ಆಮೇಲೆ ಲೈಟ್ ಹತ್ತುತ್ತದೆ, ಕೂಗುತ್ತದೆ, ಆದರೆ ಹೊರೆ ಹೊರುವುದಿಲ್ಲ. ಹೊಸ ಯುಪಿಎಸ್ ಬೇಡ, ಬ್ಯಾಟರಿ ಮಾತ್ರ ಬದಲಿಸಿ. ಜೆರಾಕ್ಸ್ ಮೆಷೀನನ್ನಾಗಲಿ ಲೇಸರ್ ಪ್ರಿಂಟರನ್ನಾಗಲಿ ಅದಕ್ಕೆ ಸಿಕ್ಕಿಸಬೇಡಿ, ಕಾಗದ ಬಿಸಿ ಮಾಡುವಾಗ ಒಮ್ಮೆಲೇ ಜಾಸ್ತಿ ಎಳೆಯುತ್ತವೆ. ಬ್ಯಾಟರಿ ಹಾಕಿದ ಮೇಲೆ ಎಲ್ಲ ಕೆಲಸ ಮುಚ್ಚಿ, ಮೇನ್ ಸ್ವಿಚ್ ತೆಗೆದು, ಎಷ್ಟು ನಿಮಿಷ ನಿಲ್ಲುತ್ತದೆ ಎಂದು ಒಮ್ಮೆ ಅಳೆದು ನೋಡಿ.

ಹಾನಗಲ್ ಡಿಟಿಪಿ (ಶನಿವಾರ, ಸಂಜೆ 5:30)

ಬ್ಯಾಟರಿ ಹಾಕಿಸಿದೆ. ಪ್ರಿಂಟರ್ ಪ್ಲಗ್ ಬೇರೆ ಮಾಡಿದೆ. ಅಳೆದು ನೋಡಿದೆ, ಹನ್ನೊಂದು ನಿಮಿಷ ನಿಂತಿತು. ಸ್ಮಾರ್ಟ್‌ನಲ್ಲಿ 199 ಇನ್ನೂ 14ರಲ್ಲೇ ಇದೆ. ಫೋಲ್ಡರಿನ ಒಂದು ಕಾಪಿ ಪೆನ್‌ಡ್ರೈವ್‌ನಲ್ಲಿ, ಇನ್ನೊಂದು ನನ್ನ ಇಮೇಲ್‌ನಲ್ಲಿ ಇದೆ. ನುಡಿ ಫಾಂಟ್‌ಗಳನ್ನೂ ಅದೇ ಪೆನ್‌ಡ್ರೈವ್‌ಗೆ ಹಾಕಿಟ್ಟೆ.

ಮೇಷ್ಟ್ರು ಮಧ್ಯಾಹ್ನ ಬಂದಿದ್ದರು. ನಡೆದದ್ದೆಲ್ಲ ಹೇಳಿದೆ. ‘ಎರಡು ಪ್ಯಾರಾ ತಾನೇ’ ಎಂದು ನಾಲ್ಕನೇ ನೋಟ್‌ಬುಕ್ ಬಿಟ್ಟು ಹೋಗಿದ್ದಾರೆ, ಆ ಪುಟಕ್ಕೆ ಬಸ್ ಟಿಕೆಟ್ ಗುರುತು ಇಟ್ಟು. ಈಗ ಟೈಪ್ ಮಾಡಲು ಕೂರುತ್ತಿದ್ದೇನೆ.